ಸಿನಿಮಾ ನೋಡಿ ಬಂದ ಮೇಲೆ

ಪರದೆಯ ಮೇಲೆ ಹೆಸರುಗಳು ಓಡತೊಡಗಿದರೆ ಸಾಕು, ಜನ ಎದ್ದು ನಿಲ್ಲುತ್ತಾರೆ. ಲೈಟು ಹಿಡಿದವರು, ಬಣ್ಣ ಹಚ್ಚಿದವರು, ಬಟ್ಟೆ ಹೊಲಿದವರು, ಊಟ ಬಡಿಸಿದವರು ಎಲ್ಲರ ಹೆಸರೂ ನಮ್ಮ ಬೆನ್ನ ಹಿಂದೆ ಸರಿದುಹೋಗುತ್ತವೆ. ಸೀಟಿನಿಂದ ಪಾರ್ಕಿಂಗ್ ಜಾಗ ಮುಟ್ಟುವಷ್ಟರಲ್ಲಿ ತೀರ್ಪುಗಳೆಲ್ಲ ಹೊರಬಿದ್ದಿರುತ್ತವೆ. ‘ಸಖತ್ತಾಗಿದೆ.’ ‘ಪರವಾಗಿಲ್ಲ, ಒಂದು ಸಲ ನೋಡಬಹುದು.’ ‘ಫಸ್ಟ್ ಹಾಫ್ ಓಕೆ, ಸೆಕೆಂಡ್ ಹಾಫ್ ಎಳೆದುಬಿಟ್ಟಿದ್ದಾರೆ.’ ‘ದುಡ್ಡು ದಂಡ.’ ಮೆಟ್ಟಿಲಿಳಿಯುತ್ತಲೇ ಒಬ್ಬರು ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಸುದ್ದಿ ಹಾಕುತ್ತಾರೆ. ಅಲ್ಲಿ ನಾಳೆಗೆಂದು ಟಿಕೆಟ್ ನೋಡುತ್ತಿದ್ದ ಇನ್ನೊಬ್ಬರು ಫೋನು ಪಕ್ಕಕ್ಕಿಡುತ್ತಾರೆ. ಎರಡು ವರ್ಷ ದುಡಿದು ಮಾಡಿದ್ದರ ಹಣೆಬರಹ ಹೀಗೆ ಎರಡು ನಿಮಿಷದಲ್ಲಿ ತೀರ್ಮಾನವಾಗುತ್ತದೆ.

ನಾವು ನೀವು ವಿಮರ್ಶಕರಲ್ಲ. ವರ್ಷಕ್ಕೆ ಕೆಲವು ಸಲ ಸಂಸಾರ ಸಮೇತ ಚಿತ್ರಮಂದಿರಕ್ಕೆ ಹೋಗುವವರು, ಉಳಿದದ್ದನ್ನು ಮನೆಯಲ್ಲಿ ಬಟ್ಟೆ ಮಡಿಸುತ್ತ ನೋಡುವವರು. ನಮ್ಮ ತೀರ್ಪಿನೊಳಗೆ ಸಿನಿಮಾ ಒಂದೇ ಇರುವುದಿಲ್ಲ. ದಾರಿಯ ಟ್ರಾಫಿಕ್ ಇರುತ್ತದೆ, ಮುಂದಿನ ಸೀಟಿನವರ ಫೋನಿನ ಬೆಳಕು ಇರುತ್ತದೆ, ಟಿಕೆಟ್ಟಿಗಿಂತ ದುಬಾರಿಯಾದ ಪಾಪ್‌ಕಾರ್ನ್ ಇರುತ್ತದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರಕಾರ ಟಿಕೆಟ್ಟಿಗೆ 200 ರೂಪಾಯಿಯ ಮಿತಿ ಹಾಕಿದಾಗ ನಮ್ಮಂಥವರು ತುಸು ಹಿಗ್ಗಿದ್ದೆವು. ಅದೇ ತಿಂಗಳು ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ನಾಲ್ಕು ಜನ ಹೋಗಿಬರುವುದಕ್ಕೆ ತಿಂಗಳ ಹಾಲಿನ ದುಡ್ಡಿನಷ್ಟು ಕೈಬಿಡುವಾಗ ನಾಲಗೆ ಹರಿತವಾಗುವುದು ಸಹಜ. ಕಾಸು ಕೊಟ್ಟವರಿಗೆ ಮಾತಾಡುವ ಹಕ್ಕು ಇದ್ದೇ ಇದೆ. ಆದರೆ ಕಾಸಿನ ಸಿಟ್ಟು ಎಷ್ಟು, ಕಥೆಯ ಮೇಲಿನ ಸಿಟ್ಟು ಎಷ್ಟು ಎಂದು ಬೇರೆ ಮಾಡಿ ನೋಡುವ ವ್ಯವಧಾನವೂ ಜತೆಗಿರಬೇಕು.

‘ಸು ಫ್ರಮ್ ಸೋ’ ನೋಡಿದವರ ಮಾತುಗಳನ್ನೇ ತೆಗೆದುಕೊಳ್ಳೋಣ. ಕರಾವಳಿಯ ಒಂದು ಹಳ್ಳಿ. ಬಚ್ಚಲುಮನೆಯ ಹತ್ತಿರ ರಾತ್ರಿ ಸಿಕ್ಕಿಬಿದ್ದ ಅಶೋಕನೆಂಬ ಹುಡುಗ ಮಾನ ಉಳಿಸಿಕೊಳ್ಳಲು ಮೈಮೇಲೆ ದೆವ್ವ ಬಂದಂತೆ ನಟಿಸುತ್ತಾನೆ. ದೆವ್ವದ ಹೆಸರು ಸುಲೋಚನಾ, ಊರು ಸೋಮೇಶ್ವರ. ಅಲ್ಲಿಂದ ಊರಿಗೆ ಊರೇ ಗೊಂದಲಕ್ಕೆ ಬೀಳುತ್ತದೆ. ಹೆದರುವವರು, ಹೆದರದಂತೆ ತೋರಿಸಿಕೊಳ್ಳುವವರು, ಉಪಾಯ ಹೇಳುವವರು, ನಡುವೆ ರಾಜ್ ಬಿ. ಶೆಟ್ಟಿಯವರ ಗುರೂಜಿ. ಜನ ಬಿದ್ದು ಬಿದ್ದು ನಕ್ಕರು. ಹೊರಗೆ ಬಂದವರಲ್ಲಿ ಅನೇಕರು ಹೇಳಿದ್ದು, ‘ಮೊದಲ ಭಾಗ ಭಾರೀ ಮಜಾ, ಆಮೇಲೆ ಸ್ವಲ್ಪ ಸೀರಿಯಸ್ ಆಯ್ತು.’ ನನಗೆ ಹಿಡಿಸಿದ್ದು ಆ ಸೀರಿಯಸ್ ಆದ ಭಾಗವೇ. ಸುಳ್ಳು ದೆವ್ವದ ಬೆನ್ನು ಹತ್ತಿ ಹೋದವರಿಗೆ ಸಿಗುವುದು ಸುಲೋಚನಾ ಎಂಬ ಆ ಸತ್ತ ಹೆಂಗಸಿನ ಮಗಳು ಭಾನು, ಮತ್ತು ಅವಳ ನಿಜವಾದ ಕಷ್ಟ. ತನ್ನ ಮಾನಕ್ಕಾಗಿ ಹೇಳಿದ ಸುಳ್ಳನ್ನು ಅಶೋಕ ಇನ್ನೊಬ್ಬರ ಮಾನಕ್ಕಾಗಿ ಬಳಸಬೇಕಾಗುತ್ತದೆ. ನಗಿಸುತ್ತಲೇ ಇಷ್ಟು ದೂರ ಕರೆದೊಯ್ದ ನಿರ್ದೇಶಕ ಜೆ.ಪಿ. ತುಮಿನಾಡು ಅವರೇ ಅಶೋಕನ ಪಾತ್ರವನ್ನೂ ಮಾಡಿದ್ದಾರೆ. ನಕ್ಕಿದ್ದಕ್ಕೆ ಮಾತ್ರ ಅಂಕ ಕೊಟ್ಟು, ನಗು ನಿಂತಲ್ಲಿ ಅಂಕ ಕಳೆದರೆ ಈ ಚಿತ್ರಕ್ಕೆ ಅರ್ಧ ನ್ಯಾಯವಷ್ಟೇ ಸಿಕ್ಕಂತೆ.

2025ರ ಮಾರ್ಚಿನಲ್ಲಿ ಬಂದ ‘ಮಿಥ್ಯ’ದ್ದು ಬೇರೆಯೇ ಗತಿ. ಸುಮಂತ್ ಭಟ್ ನಿರ್ದೇಶನದ ಈ ಚಿತ್ರದಲ್ಲಿ ತಂದೆತಾಯಿಯನ್ನು ಕಳೆದುಕೊಂಡ ಹುಡುಗನೊಬ್ಬ ಮುಂಬೈ ಬಿಟ್ಟು ಉಡುಪಿಯ ಬಂಧುಗಳ ಮನೆಗೆ ಬರುತ್ತಾನೆ. ಹುಡುಗ ಮಾತು ಕಡಿಮೆ, ನೋಟ ಜಾಸ್ತಿ. ದೊಡ್ಡವರು ತಮ್ಮ ತಮ್ಮ ಲೆಕ್ಕಾಚಾರದಲ್ಲಿ ಮುಳುಗಿರುವಾಗ ಆ ಮುಖದಲ್ಲಿ ಏನು ನಡೆಯುತ್ತಿದೆ ಎಂದು ನಾವೇ ಓದಿಕೊಳ್ಳಬೇಕು. ಆತಿಶ್ ಶೆಟ್ಟಿ ಎಂಬ ಬಾಲಕ ಅದನ್ನು ಎಷ್ಟು ಸಂಯಮದಿಂದ ಮಾಡಿದ್ದಾನೆಂದರೆ, ಅಳುವ ದೃಶ್ಯಕ್ಕಿಂತ ಅಳದಿರುವ ದೃಶ್ಯಗಳೇ ಎದೆ ಭಾರ ಮಾಡುತ್ತವೆ. ಪರಿಚಯದ ಕುಟುಂಬವೊಂದು ಇದನ್ನು ನೋಡಿ ಬಂದಿತ್ತು. ಕಾಲೇಜಿಗೆ ಹೋಗುವ ಮಗ ‘ಏನೂ ಆಗಲೇ ಇಲ್ಲ’ ಎಂದ. ಅವನಪ್ಪ ‘ಬಹಳ ನಿಧಾನ’ ಎಂದರು. ಅಜ್ಜಿ ಮಾತ್ರ ಮರುದಿನ ತರಕಾರಿ ಹೆಚ್ಚುತ್ತ, ‘ಆ ಹುಡುಗ ಈಗ ಹೊಟ್ಟೆ ತುಂಬ ಊಟ ಮಾಡ್ತಿದಾನೋ ಇಲ್ಲವೋ’ ಎಂದರಂತೆ. ಮೂವರೂ ಸುಳ್ಳು ಹೇಳಲಿಲ್ಲ. ಚಿತ್ರ ನಿಧಾನವೇ. ಆದರೆ ಪರದೆಯ ಮೇಲಿನ ಮಗುವಿನ ಊಟದ ಚಿಂತೆ ನೋಡಿದವರಿಗೆ ಹತ್ತಿತೆಂದರೆ ನಿರ್ದೇಶಕರ ಕೆಲಸ ಮುಗಿದಿದೆ. ವಾಟ್ಸ್ಆ್ಯಪ್ ಗುಂಪಿಗೆ ಹೋದದ್ದು ಮಗನ ತೀರ್ಪು. ಅಜ್ಜಿಗೆ ಸ್ಮಾರ್ಟ್‌ಫೋನ್ ಇಲ್ಲ.

ಒಮ್ಮೊಮ್ಮೆ ನಾವು ದೂರೆಂದು ಹೇಳಿದ್ದೇ ಹೊಗಳಿಕೆಯೂ ಆಗಿಬಿಡುತ್ತದೆ. ‘ತಿಥಿ’ ಚಿತ್ರವನ್ನು ತಡವಾಗಿ ನೋಡಿದ ಹಿರಿಯರೊಬ್ಬರು ‘ಅದರಲ್ಲಿ ಆ್ಯಕ್ಟಿಂಗೇ ಇಲ್ಲವಲ್ರೀ’ ಎಂದರು. ಹೌದು, ಅದರಲ್ಲಿರುವವರು ಮಂಡ್ಯ ಸೀಮೆಯ ನೊದೆಕೊಪ್ಪಲು ಮತ್ತು ಸುತ್ತಮುತ್ತಲಿನ ಹಳ್ಳಿಯವರು, ಕ್ಯಾಮೆರಾ ಮುಂದೆ ಹಿಂದೆಂದೂ ನಿಂತವರಲ್ಲ. ಹೊಲ ಮಾರುವುದಕ್ಕಾಗಿ ಬದುಕಿರುವ ಅಪ್ಪನ ಮರಣ ಪ್ರಮಾಣಪತ್ರ ಮಾಡಿಸಲು ಮಗ ಓಡಾಡುತ್ತಿದ್ದರೆ, ಅಪ್ಪ ಗಡ್ಡಪ್ಪ ಯಾವ ಗೊಡವೆಯೂ ಇಲ್ಲದೆ ಬಾಟಲಿ ಹಿಡಿದು ಬಯಲಲ್ಲಿ ನಡೆಯುತ್ತಿರುತ್ತಾನೆ. ರಾಮ್ ರೆಡ್ಡಿ ನಿರ್ದೇಶಿಸಿ, ಆ ಸೀಮೆಯನ್ನು ಒಳಗಿಂದ ಬಲ್ಲ ಈರೇಗೌಡರು ಬರೆದ ಈ ಚಿತ್ರಕ್ಕೆ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಬಂತು. ನಟನೆ ಕಾಣಿಸಲಿಲ್ಲ ಎಂಬುದು ಆ ನಟರಿಗೆ ಸಿಗಬಹುದಾದ ದೊಡ್ಡ ಪ್ರಶಸ್ತಿ.

ಮನೆಯಲ್ಲಿ ಕೂತು ನೋಡುವ ಸಿನಿಮಾಗಳ ಕಥೆ ಇನ್ನೊಂದು ಬಗೆ. ಅಲ್ಲಿ ಪಾರ್ಕಿಂಗ್ ಇಲ್ಲ, ಟಿಕೆಟ್ ಇಲ್ಲ. ಚಿತ್ರ ಮುಗಿದ ಮೇಲೆ ಅದೇ ಹಾಲ್, ಅದೇ ಅಡುಗೆಮನೆ. ಜಿಯೋ ಬೇಬಿ ನಿರ್ದೇಶನದ ಮಲಯಾಳಂ ಚಿತ್ರ ‘ದಿ ಗ್ರೇಟ್ ಇಂಡಿಯನ್ ಕಿಚನ್’ 2021ರಲ್ಲಿ ಬಂದದ್ದು. ನೆರೆಮನೆಯ ದಂಪತಿ ಅದನ್ನು ಈಚೆಗೆ ನೋಡಿದರು. ಅದರಲ್ಲಿ ಊಟ ಮುಗಿಸಿದ ಗಂಡಸರು ಜಗಿದ ನುಗ್ಗೇಕಾಯಿಯ ಸಿಪ್ಪೆಯನ್ನು ಮೇಜಿನ ಮೇಲೇ ಬಿಟ್ಟು ಏಳುತ್ತಾರೆ, ಸೊಸೆ ಅದನ್ನು ಕೈಯಿಂದ ಬಳಿದು ತೆಗೆಯುತ್ತಾಳೆ. ಸಿಂಕಿನ ಕೆಳಗಿನ ಪೈಪು ಸೋರುತ್ತಿರುತ್ತದೆ. ಪ್ಲಂಬರನ್ನು ಕರೆಸಿ ಎಂದು ಅವಳು ಮತ್ತೆ ಮತ್ತೆ ಹೇಳುತ್ತಾಳೆ, ಗಂಡ ಮತ್ತೆ ಮತ್ತೆ ಮರೆಯುತ್ತಾನೆ. ‘ಸ್ವಲ್ಪ ಜಾಸ್ತಿ ಆಯ್ತು, ಈಗ ಯಾವ ಮನೇಲಿ ಹೀಗಿರ್ತಾರೆ?’ ಎಂದರಂತೆ ಯಜಮಾನರು. ಅವರಾಕೆ ವಾದ ಮಾಡಲಿಲ್ಲ. ‘ನಮ್ಮ ಬಚ್ಚಲ ನಲ್ಲಿ ಯಾವಾಗಿಂದ ತೊಟ್ಟಿಕ್ತಿದೆ ಅಂದ್ರಿ?’ ಎಂದು ಕೇಳಿ ದೀಪ ಆರಿಸಿದರು. ಆ ವಾರವೇ ಪ್ಲಂಬರ್ ಬಂದುಹೋದ. ಯಜಮಾನರು ಈಗಲೂ ಚಿತ್ರದಲ್ಲಿ ಉತ್ಪ್ರೇಕ್ಷೆ ಇದೆ ಎಂದೇ ಹೇಳುತ್ತಾರೆ. ಹೇಳಲಿ, ನಲ್ಲಿಯಂತೂ ನಿಂತಿದೆ.

ಕಿರಣ್ ರಾವ್ ಅವರ ‘ಲಾಪತಾ ಲೇಡೀಸ್’ ನೋಡಿದ ಮನೆಗಳಲ್ಲಿಯೂ ಇಂಥ ಮಾತುಕತೆ ನಡೆದಿರಬೇಕು. ರೈಲಿನಲ್ಲಿ ಸೆರಗು ಮುಚ್ಚಿಕೊಂಡ ಇಬ್ಬರು ಮದುವಣಗಿತ್ತಿಯರು ಅದಲುಬದಲಾಗುವ ಕಥೆ ಅದು. ಎಲ್ಲರೂ ನೆನೆಸಿಕೊಳ್ಳುವುದು ಪಾನ್ ಜಗಿಯುವ ಇನ್ಸ್‌ಪೆಕ್ಟರನ್ನು. ನನಗೆ ಹೆಚ್ಚು ಆಪ್ತವಾದದ್ದು ಸ್ಟೇಷನ್ನಿನ ಚಹಾ ಅಂಗಡಿಯ ಮಂಜು ಮಾಯಿ. ದಾರಿ ತಪ್ಪಿ ಬಂದ ಹುಡುಗಿ ಕಲಾಕಂದ್ ಮಾಡುತ್ತಾಳೆ, ಅದು ಮಾರಾಟವಾಗುತ್ತದೆ, ಮಾಯಿ ಅವಳ ಕೈಗೆ ಕೂಲಿಯ ದುಡ್ಡು ಕೊಡುತ್ತಾಳೆ. ಮನೆಗೆಲಸವೆಲ್ಲ ಬಲ್ಲ ಆ ಹುಡುಗಿಗೆ ತನ್ನ ಕೆಲಸಕ್ಕೆ ಬೆಲೆಯಿದೆ ಎಂದು ತಿಳಿಯುವುದು ಆಗಲೇ. ಕನಿಕರದ ಮಾತಿಗಿಂತ ಕೂಲಿ ದೊಡ್ಡದು ಎಂದು ಆ ದೃಶ್ಯ ಉಪದೇಶವಿಲ್ಲದೆ ಹೇಳಿಬಿಡುತ್ತದೆ.

ಇಷ್ಟೆಲ್ಲ ಹೇಳಿದ್ದೇಕೆಂದರೆ, ನಮ್ಮ ಅಭಿಪ್ರಾಯಕ್ಕೆ ನಾವು ಎಣಿಸುವುದಕ್ಕಿಂತ ಹೆಚ್ಚು ತೂಕವಿದೆ. ಸಣ್ಣ ಚಿತ್ರ ಶುಕ್ರವಾರ ತೆರೆಗೆ ಬರುತ್ತದೆ. ಶನಿವಾರ, ಭಾನುವಾರ ಸೀಟು ತುಂಬದಿದ್ದರೆ ಸೋಮವಾರ ಶೋ ಕಡಿಮೆಯಾಗುತ್ತದೆ. ಉಳಿದ ಒಂದು ಶೋ ನಮಗೆ ನಿಮಗೆ ಆಗದ ಹೊತ್ತಿಗೆ ಇರುತ್ತದೆ. ಮುಂದಿನ ಶುಕ್ರವಾರ ಬೇರೆ ಪೋಸ್ಟರ್. ಜಾಹೀರಾತಿಗೆ ದುಡ್ಡಿಲ್ಲದವರಿಗೆ ನೋಡಿದವರ ಬಾಯಿಮಾತೇ ಬಂಡವಾಳ. ‘ಸು ಫ್ರಮ್ ಸೋ’ 2025ರ ಜುಲೈ 25ಕ್ಕೆ ಬಿಡುಗಡೆಯಾದಾಗ ಅದರ ಬೆನ್ನಿಗೆ ದೊಡ್ಡ ತಾರೆಯ ಕಟೌಟ್ ಇರಲಿಲ್ಲ. ಮೊದಲೇ ಕೆಲವು ಊರುಗಳಲ್ಲಿ ಪ್ರೀಮಿಯರ್ ನೋಡಿದವರು ಹೇಳಿದರು, ಕೇಳಿದವರು ಹೋದರು, ಹೋದವರು ಇನ್ನಷ್ಟು ಜನರಿಗೆ ಹೇಳಿದರು; ಶೋಗಳು ದಿನದಿಂದ ದಿನಕ್ಕೆ ಹೆಚ್ಚಿದವು. ಓದುಗರು, ನೋಡುಗರು ಮನಸ್ಸು ಮಾಡಿದರೆ ಇನ್ನೂ ಮುಂದೆ ಹೋಗಬಹುದು ಎಂಬುದಕ್ಕೆ 2023ರ ‘ಡೇರ್‌ಡೆವಿಲ್ ಮುಸ್ತಫಾ’ ಸಾಕ್ಷಿ. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಶಶಾಂಕ್ ಸೋಗಾಲ್ ತೆರೆಗೆ ತರಲು ಹೊರಟಾಗ, ಹಣ ಹಾಕಿದ್ದು ತೇಜಸ್ವಿಯವರ ನೂರು ಮಂದಿ ಅಭಿಮಾನಿಗಳು.

ಹಾಗೆಂದು ಕನ್ನಡ ಸಿನಿಮಾ ಎಂಬ ಒಂದೇ ಕಾರಣಕ್ಕೆ ಹೊಗಳಬೇಕಿಲ್ಲ. ಸುಳ್ಳು ಹೊಗಳಿಕೆ ನಂಬಿ ಹೋದವರು ಮುಂದಿನ ಸಲ ನಿಜ ಹೇಳಿದರೂ ನಂಬುವುದಿಲ್ಲ. ಅದರಿಂದ ನಷ್ಟವಾಗುವುದು ಒಳ್ಳೆಯ ಚಿತ್ರಕ್ಕೇ. ಸಿನಿಮಾ ಹೇಗಿದೆ ಎಂದು ಕೇಳಿದವರಿಗೆ ದಾರಿ ಕೇಳಿದವರಿಗೆ ಹೇಳುವಂತೆ ಹೇಳಿದರೆ ಸಾಕು. ಏರು ಎಲ್ಲಿದೆ, ನೆರಳು ಎಲ್ಲಿದೆ, ಮಕ್ಕಳನ್ನು ಕರೆದುಕೊಂಡು ಹೋಗಬಹುದೇ ಎಂದು ತಿಳಿಸುತ್ತೇವೆಯೇ ಹೊರತು ಆ ಊರೇ ಸರಿಯಿಲ್ಲ ಎಂದು ವಾಪಸು ಕಳಿಸುವುದಿಲ್ಲ. ‘ನಿಧಾನವಾಗಿ ಸಾಗುತ್ತೆ, ಆದರೆ ಹುಡುಗನ ಪಾತ್ರ ಮನಸ್ಸಲ್ಲಿ ನಿಲ್ಲುತ್ತೆ.’ ‘ನಗು ಬೇಕಿದ್ದರೆ ಹೋಗಿ, ಚಿಕ್ಕ ಮಕ್ಕಳಿಗೆ ಕೆಲವು ಮಾತು ಮುಜುಗರ.’ ‘ನನಗೆ ಹಿಡಿಸಲಿಲ್ಲ, ಹೊಡೆದಾಟ ಇಷ್ಟಪಡುವ ನಿಮ್ಮ ಮಗನಿಗೆ ಹಿಡಿಸಬಹುದು.’ ಇಂಥ ಮಾತಿಗೆ ಪಾಂಡಿತ್ಯ ಬೇಕಿಲ್ಲ, ತುಸು ವಿವೇಕ ಸಾಕು. ಕೊನೆಯಲ್ಲಿ ಏನಾಯಿತೆಂದು ಹೇಳದಿರುವುದೂ ಅದೇ ವಿವೇಕಕ್ಕೆ ಸೇರಿದ್ದು.

ಮನೆಯ ಮಕ್ಕಳು ಹಿಂದಿನ ಸೀಟಿನಲ್ಲಿ ಕೂತು ನಮ್ಮ ತೀರ್ಪುಗಳನ್ನು ಕೇಳಿಸಿಕೊಳ್ಳುತ್ತಿರುತ್ತಾರೆ. ಇನ್ನೊಬ್ಬರ ದುಡಿಮೆಯನ್ನು ಎರಡು ಪದದಲ್ಲಿ ಮುಗಿಸುವುದನ್ನು ಅವರು ನಮ್ಮಿಂದಲೇ ಕಲಿಯುತ್ತಾರೆ. ಹಿಡಿಸದಿದ್ದರೂ ಅದರಲ್ಲಿ ಚೆನ್ನಾಗಿದ್ದುದನ್ನು ಹೆಸರಿಟ್ಟು ಹೇಳುವುದನ್ನೂ ನಮ್ಮಿಂದಲೇ ಕಲಿಯಬೇಕು. ನಾಳೆ ಅದೇ ಮಕ್ಕಳು ಸಹಪಾಠಿಯ ಚಿತ್ರವನ್ನೋ, ತಂಗಿ ಮಾಡಿದ ಉಪ್ಪಿಟ್ಟನ್ನೋ ನೋಡಿ ಮಾತಾಡುವವರು.

ಆದ್ದರಿಂದ ಒಂದು ಸಣ್ಣ ವಿನಂತಿ. ಈ ವಾರ ಸಿನಿಮಾಕ್ಕೆ ಹೋದರೆ ಹೆಸರುಗಳು ಓಡಿ ಮುಗಿಯುವವರೆಗೆ ಕೂತಿರಿ. ಮನೆಗೆ ಬಂದು ಊಟ ಮಾಡಿದ ಮೇಲೆ, ಹೊಟ್ಟೆಯೂ ಮನಸ್ಸೂ ತಣ್ಣಗಾದಾಗ, ನಿಮಗೆ ಅನಿಸಿದ್ದನ್ನು ನಾಲ್ಕು ಜನಕ್ಕೆ ಹೇಳಿ. ಮನೆಯ ಹಿರಿಯರಿಗೆ ಏನನಿಸಿತೆಂದು ಕೇಳಿ, ಅದನ್ನೂ ಸೇರಿಸಿ ಹೇಳಿ. ಚಿತ್ರ ಒಳ್ಳೆಯದಿದ್ದರೆ ಮಾತ್ರ ತಡಮಾಡಬೇಡಿ, ಭಾನುವಾರದೊಳಗೆ ಹೇಳಿಬಿಡಿ. ಗುರುವಾರ ಹೇಳಿದರೆ ನಿಮ್ಮ ಮಾತು ನಂಬಿ ಹೊರಟವರಿಗೆ ಆ ಚಿತ್ರ ಊರಿನಲ್ಲಿ ಇರುವುದಿಲ್ಲ.