ಹಳೆಯ ಕಾರಿನ ಲೆಕ್ಕ

ಹಳೆಯ ಕಾರನ್ನು ರಿಪೇರಿ ಮಾಡಿಸುವುದೋ, ಕೊಟ್ಟು ಹೊಸತು ಕೊಳ್ಳುವುದೋ ಎಂಬುದು ಮೇಲ್ನೋಟಕ್ಕೆ ಗ್ಯಾರೇಜಿನ ಪ್ರಶ್ನೆ. ಮೆಕ್ಯಾನಿಕ್ ಒಂದು ಮೊತ್ತ ಹೇಳುತ್ತಾನೆ, ಷೋರೂಮಿನವರು ಇನ್ನೊಂದು ಹೇಳುತ್ತಾರೆ. ಎರಡನ್ನೂ ಹೋಲಿಸಿ ನೋಡಿದರೆ ಮುಗಿಯಿತು. ಅಷ್ಟಕ್ಕೇ ಮುಗಿಯುವುದಾದರೆ ಮನೆಗಳಲ್ಲಿ ಈ ಬಗ್ಗೆ ತಿಂಗಳುಗಟ್ಟಲೆ ಚರ್ಚೆ ಏಕೆ ನಡೆಯುತ್ತದೆ? ಮಗ ಒಂದು ಹೇಳುತ್ತಾನೆ, ತಂದೆ ಇನ್ನೊಂದು ಹೇಳುತ್ತಾರೆ, ನೆಂಟರು ಮೂರನೆಯದನ್ನು ಹೇಳುತ್ತಾರೆ. ಈ ನಿರ್ಧಾರದ ಬೆಲೆ ತೆರುವವನು ಕಾರಿನ ಒಡೆಯನೊಬ್ಬನೇ ಅಲ್ಲ ಎಂಬ ಅರಿವು ಎಲ್ಲರ ಮನಸ್ಸಿನ ಮೂಲೆಯಲ್ಲಿ ಎಲ್ಲೋ ಇರುತ್ತದೆ.

ಹಾಸನ ಜಿಲ್ಲೆಯ ಹೊಳೆನರಸೀಪುರ ತಾಲೂಕಿನ ಹರದನಹಳ್ಳಿಯ ಹೆಸರು ನಾಡಿಗೆಲ್ಲ ತಿಳಿದದ್ದು ಅಲ್ಲಿ 1933ರಲ್ಲಿ ಹುಟ್ಟಿದ ಎಚ್.ಡಿ. ದೇವೇಗೌಡರಿಂದ. 1996ರ ಜೂನ್‌ನಲ್ಲಿ ಅವರು ಪ್ರಧಾನಿಯಾದಾಗ ದಿಲ್ಲಿಯಲ್ಲಿ ಸರಕಾರಿ ಕಾರು ಎಂದರೆ ಅಂಬಾಸಿಡರ್ ಎಂದೇ ಅರ್ಥವಿತ್ತು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯನ್ನು ಆಧರಿಸಿದ ಆ ಕಾರು 1950ರ ದಶಕದ ಕೊನೆಯಿಂದ 2014ರ ಮೇ ತಿಂಗಳವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿತ್ತು. ಇಷ್ಟು ದೀರ್ಘಕಾಲ ಹೆಚ್ಚು ಬದಲಾಗದೆ ಉಳಿದದ್ದರಿಂದ ಅದರ ಬಿಡಿಭಾಗ ಹಳ್ಳಿಗಾಡಿನಲ್ಲೂ ಸಿಗುತ್ತಿತ್ತು, ಅದನ್ನು ಬಿಚ್ಚಿ ಜೋಡಿಸಬಲ್ಲವರು ಸಣ್ಣ ಪೇಟೆಗಳಲ್ಲೂ ಇದ್ದರು.

ಹಿಂದಿನವರು ಮಿತವ್ಯಯಿಗಳು, ನಾವು ದುಂದುಗಾರರು ಎಂದು ಇದರಿಂದ ತೀರ್ಮಾನಿಸುವವರಿದ್ದಾರೆ. ಅದು ಅರ್ಧ ಸತ್ಯ ಮಾತ್ರ. ಲೈಸೆನ್ಸ್ ರಾಜ್‌ನ ಆ ದಿನಗಳಲ್ಲಿ ಹೊಸ ಕಾರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಇರುವ ಕಾರನ್ನು ರಿಪೇರಿ ಮಾಡಿಸದೆ ಬೇರೆ ದಾರಿ ಇರಲಿಲ್ಲ. ಬೇರೆ ದಾರಿಯಿಲ್ಲದೆ ಮಾಡಿದ್ದನ್ನು ಸದ್ಗುಣವೆಂದು ಕರೆಯುವುದು ಸರಿಯಲ್ಲ. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು, 1991ರ ನಂತರ ಮತ್ತಷ್ಟು ಕಂಪೆನಿಗಳೂ ಸುಲಭದ ಸಾಲವೂ ಬಂದವು. ಆಯ್ಕೆ ಬಂದ ಮೇಲೆಯೇ ಅದು ನೈತಿಕ ಪ್ರಶ್ನೆಯಾದದ್ದು.

ಹರದನಹಳ್ಳಿಯಂಥ ಊರಿನ ಒಬ್ಬ ತೆಂಗಿನ ತೋಟದ ರೈತನನ್ನು ಊಹಿಸಿಕೊಳ್ಳೋಣ. ಅವನಲ್ಲಿ 2004ರ ಒಂದು ಮಾರುತಿ 800 ಇದೆ. ಹೊಳೆನರಸೀಪುರದ ಪೇಟೆ, ಹಾಸನದ ಆಸ್ಪತ್ರೆ, ಅರಕಲಗೂಡಿನ ನೆಂಟರ ಮದುವೆ, ಇಷ್ಟೇ ಅದರ ಓಡಾಟ. ವರ್ಷಕ್ಕೆ ಸುಮಾರು 4,000 ಕಿಲೋಮೀಟರ್. ಈಗ ಎಂಜಿನ್ ಕೆಲಸ, ಕ್ಲಚ್, ಟಿಂಕರಿಂಗ್ ಸೇರಿ 45,000 ರೂಪಾಯಿ ಆಗುತ್ತದೆ ಎನ್ನುತ್ತಾರೆ. ಕಾರನ್ನು ಮಾರಿದರೆ ಬರುವುದು 30,000. ರಿಪೇರಿಯ ಖರ್ಚು ಕಾರಿನ ಬೆಲೆಯನ್ನು ಮೀರಿದರೆ ಅದನ್ನು ಬಿಟ್ಟುಬಿಡು ಎನ್ನುವುದು ಎಲ್ಲರ ಬಾಯಲ್ಲಿರುವ ಸೂತ್ರ.

ಈ ಸೂತ್ರ ನನಗೆ ಒಪ್ಪಿಗೆಯಾಗುವುದಿಲ್ಲ. ಮೂವತ್ತು ಸಾವಿರ ಎಂಬುದು ಬೇರೊಬ್ಬ ಆ ಕಾರಿಗೆ ಕೊಡಲು ಸಿದ್ಧನಿರುವ ಹಣ. ಅಪರಾತ್ರಿಯಲ್ಲಿ ತಾಯಿಗೆ ಎದೆನೋವು ಬಂದಾಗ ಹಾಸನ ಮುಟ್ಟಿಸುವ ವಾಹನವಾಗಿ ಅದರ ಬೆಲೆ ಎಷ್ಟೆಂದು ಮಾರುಕಟ್ಟೆ ಹೇಳುವುದಿಲ್ಲ. ಹೋಲಿಸಬೇಕಾದದ್ದು 45,000ವನ್ನು 30,000ದೊಡನೆ ಅಲ್ಲ, ಅದೇ ಕೆಲಸಕ್ಕೆ ಬೇರೆ ದಾರಿ ಹಿಡಿದರೆ ಆಗುವ ಖರ್ಚಿನೊಡನೆ. ಐದು ಲಕ್ಷ ಸಾಲವನ್ನು ಶೇ. 9.5 ಬಡ್ಡಿಯಲ್ಲಿ ಏಳು ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 8,170 ರೂಪಾಯಿ. ಬಡ್ಡಿಯೊಂದೇ 1 ಲಕ್ಷ 86 ಸಾವಿರ ದಾಟುತ್ತದೆ. ಅಂದರೆ ಆರು ತಿಂಗಳ ಕಂತಿಗಿಂತ ಕಡಿಮೆ ಹಣದಲ್ಲಿ ರಿಪೇರಿ ಮುಗಿಯುತ್ತದೆ. ಬಡ್ಡಿಯನ್ನು ಧರ್ಮದ ಕಾರಣಕ್ಕೆ ದೂರವಿಡುವವರಿಗೆ ಈ ಲೆಕ್ಕದ ಅಗತ್ಯವೇ ಇಲ್ಲ ಎನ್ನಬಹುದು. ಆದರೆ ತೆಂಗಿನ ಬೆಲೆ ಯಾವ ವರ್ಷ ಬಿದ್ದೀತೆಂದು ತಿಳಿಯದ ಯಾವ ರೈತನಿಗೂ ಏಳು ವರ್ಷದ ಕಂತು ಹಗುರವಾದ ಹೊರೆಯಲ್ಲ.

ಹೊಸ ಕಾರು ಪರಿಸರಕ್ಕೆ ಒಳ್ಳೆಯದು ಎಂಬ ಮಾತೂ ಬರುತ್ತದೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈ ಆಕ್ಸೈಡ್ ಹೊರಬರುತ್ತದೆ. ನಮ್ಮ ರೈತನ ಕಾರು ಲೀಟರಿಗೆ 16 ಕಿ.ಮೀ. ಓಡಿದರೆ ವರ್ಷಕ್ಕೆ 250 ಲೀಟರ್ ಬೇಕು, 20 ಕಿ.ಮೀ. ಓಡುವ ಹೊಸ ಕಾರಿಗೆ 200 ಲೀಟರ್ ಸಾಕು. ವರ್ಷಕ್ಕೆ ಉಳಿಯುವುದು ಐವತ್ತು ಲೀಟರ್, ಅಂದರೆ 115 ಕಿಲೋ ಹೊಗೆ. ಆದರೆ ಉಕ್ಕು, ಅಲ್ಯೂಮಿನಿಯಂ, ಗಾಜು, ರಬ್ಬರ್ ಎಲ್ಲ ಸೇರಿಸಿ ಒಂದು ಸಣ್ಣ ಕಾರು ತಯಾರಿಸುವಾಗಲೇ ಟನ್‌ಗಟ್ಟಲೆ ಇಂಗಾಲ ಗಾಳಿಗೆ ಸೇರಿರುತ್ತದೆ. ಐದು ಟನ್ ಎಂದು ಹಿಡಿದರೂ ಆ ಋಣ ತೀರಲು ಅವನಿಗೆ ನಲವತ್ತು ವರ್ಷ ಮೀರುತ್ತದೆ! ಅದೇ ವರ್ಷಕ್ಕೆ 60,000 ಕಿ.ಮೀ. ಓಡಿಸುವ ಟ್ಯಾಕ್ಸಿಯವನಿಗೆ ಮೂರು ವರ್ಷ ಸಾಕು. ಒಂದೇ ಕಾರು, ಒಂದೇ ವಯಸ್ಸು, ಆದರೂ ಇಬ್ಬರಿಗೂ ಒಂದೇ ಉತ್ತರವಿಲ್ಲ.

ಕಾನೂನು ಮಾತ್ರ ವಯಸ್ಸನ್ನೇ ನೋಡುತ್ತದೆ. ಕೇಂದ್ರ ಸರಕಾರ 2021ರಲ್ಲಿ ಗುಜರಿ ನೀತಿಯನ್ನು ಪ್ರಕಟಿಸಿತು. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕವನ್ನು 2022ರ ಏಪ್ರಿಲ್‌ನಿಂದ 600ರಿಂದ 5,000ಕ್ಕೂ, ಇಪ್ಪತ್ತು ವರ್ಷ ದಾಟಿದ್ದಕ್ಕೆ 2025ರ ಆಗಸ್ಟ್‌ನಲ್ಲಿ 10,000ಕ್ಕೂ ಏರಿಸಿತು. ದಿಲ್ಲಿಯ ಗಾಳಿ ನೋಡಿದವರಿಗೆ ಇಂಥ ಕಠೋರತೆ ಅರ್ಥವಾಗುತ್ತದೆ. ಆದರೆ ವರ್ಷಕ್ಕೆ ನಾಲ್ಕು ಸಾವಿರ ಕಿಲೋಮೀಟರ್ ಓಡುವ ಹಳ್ಳಿಯ ಕಾರನ್ನೂ ದಿನಕ್ಕೆ ಇನ್ನೂರು ಕಿಲೋಮೀಟರ್ ಓಡುವ ನಗರದ ಕಾರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವೇ? ಅದರ ಜೊತೆಗೆ ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್ ಬಂದಿದೆ. ಅದಕ್ಕೆಂದು ತಯಾರಾಗದ ಹಳೆಯ ಗಾಡಿಗಳಲ್ಲಿ ರಬ್ಬರ್ ಕೊಳವೆ, ಗ್ಯಾಸ್ಕೆಟ್‌ಗಳನ್ನು ಆಗಾಗ ನೋಡಿಕೊಳ್ಳಬೇಕಾಗುತ್ತದೆ.

ಅಂದಹಾಗೆ, ಎಂಜಿನ್, ಬಾಗಿಲು, ಸೀಟು, ಚಕ್ರ ಎಲ್ಲವನ್ನೂ ಬದಲಿಸಿದ ಮೇಲೆ ಅದು ಅದೇ ಕಾರೇ? ಗ್ರೀಕ್ ಅರಸ ಮಿಲಿಂದನೊಡನೆ ವಾದಿಸಿದ ಬೌದ್ಧ ಭಿಕ್ಷು ನಾಗಸೇನ ರಥದ ಬಗ್ಗೆ ಇಂಥದೇ ಪ್ರಶ್ನೆ ಎತ್ತಿದ್ದ: ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ? ಯಾವುದೂ ಅಲ್ಲ, ಕೂಡಿದ್ದಕ್ಕೆ ನಾವಿಟ್ಟ ಹೆಸರು ರಥ. ಸಾರಿಗೆ ಕಚೇರಿಯವರು ಇಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ, ಚಾಸಿಸ್ ನಂಬರ್ ನೋಡುತ್ತಾರೆ. ‘ಇದು ಅಪ್ಪನ ಕಾರು’ ಎಂದು ಬಿಡಲಾರದೆ ಪ್ರತಿ ವರ್ಷ ಹಣ ಸುರಿಯುವವರು ನಾಗಸೇನನನ್ನು ನೆನೆಯುವುದು ಒಳ್ಳೆಯದು. ಇದುವರೆಗೆ ಸುರಿದ ಹಣ ಇನ್ನೂ ಸುರಿಯಲು ಕಾರಣವಾಗಬಾರದು.

ರಿಪೇರಿಯ ಪರವಾಗಿ ನನಗೆ ಬಲವಾಗಿ ಕಾಣುವ ವಾದ ಬೇರೆ. ಆ 45,000ದಲ್ಲಿ ದೊಡ್ಡ ಪಾಲು ಕೂಲಿ. ಟಿಂಕರ್, ಪೇಂಟರ್, ವೆಲ್ಡರ್, ರೇಡಿಯೇಟರ್ ಬೆಸುಗೆಯವನು, ಸೀಟಿನ ಕುಷನ್ ಹೊಲಿಯುವವನು, ಪಂಕ್ಚರ್ ಹುಡುಗ. ನಮ್ಮ ಪೇಟೆಗಳಲ್ಲಿ ಈ ಕಸುಬುಗಳನ್ನು ಹಿಡಿದವರಲ್ಲಿ ಮುಸ್ಲಿಮರು ಎಷ್ಟು ಮಂದಿ ಎಂದು ಯಾರಿಗೂ ಹೇಳಬೇಕಾಗಿಲ್ಲ. ಶಾಲೆ ಅರ್ಧಕ್ಕೆ ಬಿಟ್ಟ ಹುಡುಗನಿಗೆ ಗ್ಯಾರೇಜೇ ಪಾಠಶಾಲೆ, ಉಸ್ತಾದನೇ ಗುರು. ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಬಿಚ್ಚಿಟ್ಟ ಒಂದು ಗೇರ್‌ಬಾಕ್ಸ್ ಇನ್ನೊಂದು ಕಾರಿಗೆ ಜೀವ ಕೊಡುತ್ತದೆ. ಹೊಸ ಕಾರಿಗೆ ಕೊಟ್ಟ ಹಣದ ಬಹುಪಾಲು ಬ್ಯಾಂಕಿಗೂ ದೂರದ ಕಂಪೆನಿಗೂ ಹೋಗುತ್ತದೆ. ಅಲ್ಲೂ ಕಾರ್ಮಿಕರಿದ್ದಾರೆ ನಿಜ. ಆದರೆ ಕಂಪ್ಯೂಟರ್ ಹಚ್ಚದೆ ದೋಷ ತಿಳಿಯದ ಇಂದಿನ ಕಾರುಗಳು ಊರ ಉಸ್ತಾದನ ಕೈಯಿಂದ ಕೆಲಸ ಕಸಿದುಕೊಂಡಿವೆ.

ಹಾಗೆಂದು ಎಲ್ಲ ಹಳೆಯ ಕಾರನ್ನೂ ಉಳಿಸಬೇಕೆಂದು ನಾನು ಹೇಳುತ್ತಿಲ್ಲ. ಚಾಲಕನ ಏರ್‌ಬ್ಯಾಗ್ ನಮ್ಮಲ್ಲಿ ಕಡ್ಡಾಯವಾದದ್ದು 2019ರ ಜುಲೈಯಲ್ಲಿ. ಅದಕ್ಕೂ ಮೊದಲಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಆ ರಕ್ಷಣೆಯಿಲ್ಲ. ನಿಧಾನವಾಗಿ ಓಡಿಸಿ ಆ ಅಪಾಯವನ್ನು ತಗ್ಗಿಸಬಹುದು. ಆದರೆ ತಳದ ತಗಡು ತುಕ್ಕು ಹಿಡಿದು ಸ್ಕ್ರೂಡ್ರೈವರ್ ಚುಚ್ಚಿದರೆ ಒಳಗೆ ಇಳಿಯುವಂತಿದ್ದರೆ, ಸ್ಟೇರಿಂಗ್ ಸಡಿಲವಾಗಿದ್ದರೆ, ಬ್ರೇಕ್ ನಂಬುವಂತಿಲ್ಲದಿದ್ದರೆ ಅಲ್ಲಿ ಮಿತವ್ಯಯದ ಮಾತು ನಿಲ್ಲಬೇಕು. ರಸ್ತೆಯಂಚಿನಲ್ಲಿ ಸೈಕಲ್ ತುಳಿಯುವ ಹುಡುಗಿ ನಮ್ಮ ಉಳಿತಾಯದಲ್ಲಿ ಪಾಲುದಾರಳಲ್ಲ. ಕಪ್ಪು ಹೊಗೆಯ ಮಾತೂ ಅಷ್ಟೇ, ಅದನ್ನು ಉಸಿರಾಡುವವರು ಹಿಂದೆ ಬರುವವರು. ಬದಲಿಸುವುದೆಂದರೆ ಕಾರಿನ ಬದಲು ಕಾರೇ ಬೇಕೆಂದೂ ಇಲ್ಲ. ಹೊಳೆನರಸೀಪುರದಿಂದ ಹಾಸನಕ್ಕೆ ಬಸ್ಸಿದೆ, ರೈಲಿದೆ. ರಾತ್ರಿಯ ಆಪತ್ತಿಗೆ ಮಾತ್ರ ಅವು ಒದಗುವುದಿಲ್ಲ.

ಇನ್ನು ಬದಲಿಸಿಯೇಬಿಟ್ಟರೆ ಹಳೆಯ ಕಾರು ಎಲ್ಲಿಗೆ ಹೋಗುತ್ತದೆ? ಎಕ್ಸ್‌ಚೇಂಜ್ ಮೇಳದಲ್ಲಿ ಕೊಟ್ಟ ಕೂಡಲೇ ಅದು ಮಾಯವಾಗುವುದಿಲ್ಲ. ನಮಗಿಂತ ಬಡವನೊಬ್ಬ ಅದನ್ನು ಕೊಳ್ಳುತ್ತಾನೆ, ಅವನ ಮಕ್ಕಳು ಅದರಲ್ಲಿ ಕೂರುತ್ತಾರೆ. ಪ್ರವಾದಿಯವರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ ಒಳಗಿನ ತೇವವನ್ನು ಕಂಡು ವ್ಯಾಪಾರಿಯನ್ನು ಪ್ರಶ್ನಿಸಿದ ಪ್ರಸಂಗವನ್ನು ನಾವು ಮತ್ತೆ ಮತ್ತೆ ಕೇಳಿದ್ದೇವೆ. ಪೇಂಟ್ ಬಳಿದು ಮುಚ್ಚಿದ ತುಕ್ಕು, ಹಿಂದಕ್ಕೆ ತಿರುಗಿಸಿದ ಮೀಟರ್, ದಪ್ಪ ಆಯಿಲ್ ಹಾಕಿ ಅಡಗಿಸಿದ ಎಂಜಿನ್ ಸದ್ದು, ಇವೆಲ್ಲ ಒದ್ದೆ ಧಾನ್ಯವೇ. ನಾವು ಓಡಿಸಲು ಹೆದರುವ ಕಾರನ್ನು ದೋಷ ಮುಚ್ಚಿ ಇನ್ನೊಬ್ಬನಿಗೆ ದಾಟಿಸುವುದಕ್ಕಿಂತ ನೋಂದಾಯಿತ ಗುಜರಿ ಕೇಂದ್ರಕ್ಕೆ ಒಪ್ಪಿಸಿ ಪ್ರಮಾಣಪತ್ರ ಪಡೆಯುವುದು ವಾಸಿ. ಹೊಸ ವಾಹನದ ರಸ್ತೆ ತೆರಿಗೆಯಲ್ಲಿ ಅದರ ಮೇಲೆ ರಿಯಾಯಿತಿ ಕೊಡಲು ಕೇಂದ್ರದ ನಿಯಮದಲ್ಲಿ ಅವಕಾಶವಿದೆ. ಅಲ್ಲಿ ಸಿಗುವ ಹಣ ಕೊಳ್ಳುವವನು ಕೊಡುವುದಕ್ಕಿಂತ ಕೆಲವು ಸಾವಿರ ಕಡಿಮೆ ಇದ್ದೀತು.