ಅಪರೂಪದ ಕಾರು, ಎರವಲಿನ ಆಯುಸ್ಸು

ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂದರೆ ಥಟ್ಟನೆ ನೆನಪಾಗುವುದು ಎಂಜಿ, ಇಲ್ಲವೇ ಜಾಗ್ವಾರ್ ಇ-ಟೈಪ್. ಡೈಮ್ಲರ್ ಎಸ್‌ಪಿ250 ಎಂದರೆ ಕಾರಿನ ಹುಚ್ಚು ಹಿಡಿದವರೂ ತುಸು ತಡವರಿಸುತ್ತಾರೆ. ಅರಮನೆಗಳಿಗೆ ಗಂಭೀರವಾದ ಉದ್ದುದ್ದ ಕಾರು ಕಟ್ಟಿಕೊಡುತ್ತಿದ್ದ ಕಾವೆಂಟ್ರಿಯ ಈ ಕಂಪನಿ 1959ರ ನ್ಯೂಯಾರ್ಕ್ ಪ್ರದರ್ಶನಕ್ಕೆ ಒಯ್ದದ್ದು ಮೀನಿನ ಮೂತಿಯ, ಫೈಬರ್‌ಗ್ಲಾಸ್ ಮೈಯ ಪುಟ್ಟ ಕಾರನ್ನು. ಡಾರ್ಟ್ ಎಂದು ಹೆಸರಿಟ್ಟರು. ಆ ಹೆಸರು ತನ್ನದು ಎಂದು ಅಮೆರಿಕದ ಡಾಡ್ಜ್ ತಕರಾರು ತೆಗೆಯಿತು. ಹೆಸರು ಹೋಗಿ ನಂಬರು ಉಳಿಯಿತು. ಮರುವರ್ಷ ಕಂಪನಿಯೇ ಜಾಗ್ವಾರ್ ಪಾಲಾಯಿತು. ಹೊಟ್ಟೆಯಲ್ಲಿ ಹುಟ್ಟಿದ ಇ-ಟೈಪ್ ಇರುವಾಗ ಮಲಮಗುವನ್ನು ಯಾರು ಮುದ್ದಿಸುತ್ತಾರೆ? 1964ಕ್ಕೆ ಆಟ ಮುಗಿಯಿತು. ಒಟ್ಟು ತಯಾರಾದದ್ದು ಹೆಚ್ಚುಕಡಿಮೆ 2,650.

ಇಂಥದ್ದನ್ನು ಅರವತ್ತು ವರ್ಷದ ಮೇಲೂ ರಸ್ತೆಗಿಳಿಸುವವರು ಇಂಗ್ಲೆಂಡಿನಲ್ಲಿದ್ದಾರೆ. ಸ್ಪೇರ್ ಎಲ್ಲಿಂದ ತರುತ್ತಾರೆ? ನೆಂಟರ ಮನೆಯಿಂದ! ಟ್ರಯಂಫ್ ಮೋಟಾರ್‌ಸೈಕಲ್‌ಗಳಿಂದ ಹೆಸರಾದ ಎಡ್ವರ್ಡ್ ಟರ್ನರ್ ರೂಪಿಸಿದ ಇದರ ಎರಡೂವರೆ ಲೀಟರಿನ ವಿ8 ಎಂಜಿನ್ ಜಾಗ್ವಾರಿಗೆ ಹಿಡಿಸಿತು. ಅದನ್ನು ತನ್ನ ಮಾರ್ಕ್ 2 ಸೆಡಾನಿನೊಳಗೆ ಕೂರಿಸಿ, ಡೈಮ್ಲರ್ ಹೆಸರಿನಲ್ಲೇ 1969ರವರೆಗೆ ಹದಿನೇಳು ಸಾವಿರಕ್ಕೂ ಹೆಚ್ಚು ಕಾರು ಮಾರಿತು. ಹಾಗಾಗಿ ಪಿಸ್ಟನ್, ಬೇರಿಂಗ್‌ಗಳಿಗೆ ಇವತ್ತಿಗೂ ಗಿರಾಕಿಗಳಿದ್ದಾರೆ. ಗಿರಾಕಿ ಇದ್ದಲ್ಲಿ ಮಾಡಿಕೊಡುವವರೂ ಇರುತ್ತಾರೆ. ಗೇರ್‌ಬಾಕ್ಸಂತೂ ಟ್ರಯಂಫ್ ಟಿಆರ್3 ಕಾರಿನದರ ಪಡಿಯಚ್ಚು. (ನಮ್ಮ ರಸ್ತೆಗಳಲ್ಲಿ ಓಡಾಡುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಇದೇ ಟ್ರಯಂಫ್ ಮನೆತನದ್ದು.) ಡೈಮ್ಲರ್‌ನಂಥ ಕಂಪನಿ ಕಾಪಿ ಹೊಡೆದದ್ದು ಶೋಭೆಯಲ್ಲ, ನಿಜ. ಆದರೆ ಎಲ್ಲವನ್ನೂ ಸ್ವಂತವಾಗಿ ಮಾಡಲು ಹೊರಟಿದ್ದರೆ ಇವುಗಳಲ್ಲಿ ಅರ್ಧ ಎಂದೋ ಗುಜರಿ ಸೇರುತ್ತಿದ್ದವು ಎಂದೇ ನನ್ನ ಎಣಿಕೆ.

ತೊಂದರೆಯೆಲ್ಲ ಇದರ ಸ್ವಂತದ್ದರಲ್ಲೇ. ಫೈಬರ್‌ಗ್ಲಾಸಿಗೆ ತುಕ್ಕು ಹಿಡಿಯುವುದಿಲ್ಲ, ಆದರೆ ಬಣ್ಣದ ಮೇಲೆ ಜೇಡರ ಬಲೆಯಂಥ ಬಿರುಕು ಏಳುತ್ತದೆ. ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಬಿರುಕು ಮತ್ತೆ ಹಾಜರು. ಒಳಪದರದವರೆಗೆ ಉಜ್ಜಿ, ಗಾಜಿನ ನಾರಿನ ಬಟ್ಟೆ ಹಾಸಿ, ರಾಳ ಬಳಿದು ಕಾಯಬೇಕು. ಇನ್ನು ಕರೆಂಟಿನ ಕಾಟ. ತಗಡಿನ ಕಾರಿನಲ್ಲಿ ಮೈಯೇ ಅರ್ಥಿಂಗ್. ಇಲ್ಲಿ ಪ್ರತಿ ದೀಪದಿಂದಲೂ ಷಾಸಿಗೆ ತಂತಿ ಎಳೆಯಬೇಕು. ಆ ತಂತಿಯ ತುದಿಯಲ್ಲಿ ಉಗುರಗಲ ತುಕ್ಕು ಕೂತರೆ ಸಾಕು, ಇಂಡಿಕೇಟರ್ ಹಾಕಿದಾಗ ಬ್ರೇಕ್ ದೀಪವೂ ಜೊತೆಗೆ ಮಿಣುಕುತ್ತದೆ. ಗೊತ್ತಿಲ್ಲದವರು ಬಲ್ಬು ಬದಲಿಸುತ್ತಾರೆ, ಸ್ವಿಚ್ಚು ಬದಲಿಸುತ್ತಾರೆ. ಗೊತ್ತಿದ್ದವರು ಉಪ್ಪುಕಾಗದ ತೆಗೆದುಕೊಂಡು ಕಾರಿನಡಿ ತೂರುತ್ತಾರೆ.

ಪೆಟ್ರೋಲಿನದೂ ಒಂದು ತಲೆನೋವು. 2021ರ ಸೆಪ್ಟೆಂಬರಿನಿಂದ ಬ್ರಿಟನ್ನಿನ ಬಂಕುಗಳಲ್ಲಿ ಶೇ 10ರವರೆಗೆ ಎಥೆನಾಲ್ ಬೆರೆಸಿದ ಪೆಟ್ರೋಲೇ ಮಾಮೂಲಿಯಾಯಿತು. ಅದು ಹಳೆಯ ರಬ್ಬರ್ ಪೈಪುಗಳನ್ನು ತಿನ್ನುತ್ತದೆ. ದುಬಾರಿ ಸೂಪರ್ ದರ್ಜೆಯದನ್ನು ಹುಡುಕಬೇಕು, ಇಲ್ಲವೇ ಪೈಪುಗಳನ್ನು ಬದಲಿಸಬೇಕು. ಇ20 ಹಾಕಿಸಿಕೊಂಡು ಗೊಣಗುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಲ್ಲಿ ನಲವತ್ತು ವರ್ಷ ದಾಟಿದ, ಹೆಚ್ಚು ಮಾರ್ಪಾಡಾಗದ ಕಾರಿಗೆ 2018ರಿಂದ ವಾರ್ಷಿಕ ತಪಾಸಣೆಯೂ ಕಡ್ಡಾಯವಲ್ಲ. ರಿಯಾಯಿತಿಯೇನೋ ಹೌದು, ಆದರೆ ಈ ಕಾರಿನ ವಿಷಯದಲ್ಲಿ ನನಗೆ ಅದು ಸರಿಕಾಣುವುದಿಲ್ಲ. ಮೊದಲ ಕಂತಿನ ಕಾರುಗಳ ಷಾಸಿ ಎಷ್ಟು ಮೆತ್ತಗಿತ್ತೆಂದರೆ, ಹಳ್ಳಕೊಳ್ಳದ ರಸ್ತೆಯಲ್ಲಿ ಬಾಗಿಲು ತಾನಾಗಿ ತೆರೆದುಕೊಳ್ಳುತ್ತಿತ್ತು. ಜಾಗ್ವಾರ್‌ನವರು ಬಂದು ಬಲಪಡಿಸಿದ ಮೇಲೆ ಬಂದದ್ದೇ ಬಿ-ಸ್ಪೆಕ್. ಬಲಪಡಿಸಿದ್ದೂ ಉಕ್ಕೇ ತಾನೆ, ಅದಕ್ಕೂ ತುಕ್ಕು ತಪ್ಪಿದ್ದಲ್ಲ. ಮೇಲಿನ ಮೈ ಮಾತ್ರ ಹೊಚ್ಚಹೊಸದರಂತೆ ಹೊಳೆಯುತ್ತಿರುತ್ತದೆ. ಅದಕ್ಕೇ ಪಳಗಿದ ಗಿರಾಕಿ ಬಾನೆಟ್ ಎತ್ತುವ ಮೊದಲು ನೆಲಕ್ಕೆ ಚಾಪೆ ಹಾಸಿ, ಟಾರ್ಚು ಹಿಡಿದು ಕಾರಿನ ಕೆಳಗೆ ಮಲಗುತ್ತಾನೆ. ವ್ಯಾಪಾರದ ಮಾತು ಆಮೇಲೆ.