ಒಂಬತ್ತು ಗಂಟೆಯ ರಾಜಧಾನಿ

‘ನೋಡಿದ್ದೇನೆ’ ಎಂಬ ಮಾತನ್ನು ನಾವು ಬಹು ಧಾರಾಳವಾಗಿ ಬಳಸುತ್ತೇವೆ. ಮಾಗಡಿ ತಾಲ್ಲೂಕಿನ ಕಲ್ಯಕ್ಕೆ ಭಾನುವಾರ ಕಾರಿನಲ್ಲಿ ಬಂದವರು ಬೆಟ್ಟ ಹತ್ತಿ ಇಳಿದು, ನೆರಳು ನೋಡಿ ಬುತ್ತಿ ಬಿಚ್ಚಿ ಉಂಡು, ಸಂಜೆಗೆ ಬೆಂಗಳೂರು ಸೇರಿ ‘ಕಲ್ಯ ನೋಡಿಕೊಂಡು ಬಂದೆವು’ ಎನ್ನುತ್ತಾರೆ. ಕಲ್ಯದಲ್ಲೇ ಹುಟ್ಟಿ ಅಲ್ಲೇ ಮುದುಕನಾದವನು ಆ ಮಾತನ್ನು ಎಂದೂ ಆಡುವುದಿಲ್ಲ. ಅವನಿಗೆ ಕಲ್ಯ ನೋಡುವ ವಸ್ತುವೇ ಅಲ್ಲ. ಮಳೆ ಕೈಕೊಟ್ಟ ವರ್ಷ, ಪಕ್ಕದವನು ಬದು ಒತ್ತಿದ ಹೊಲ, ಮಗಳ ಮದುವೆಗೆ ಮಾಡಿದ ಸಾಲ, ಇವೆಲ್ಲ ಸೇರಿದ ಬದುಕು. ಇವರಿಬ್ಬರಲ್ಲಿ ಊರನ್ನು ಬಲ್ಲವರಾರು? ಊರಿನವನೇ ಎಂದು ಥಟ್ಟನೆ ಹೇಳಿಬಿಡಬಹುದು. ಪ್ರಶ್ನೆ ಅಷ್ಟು ಸುಲಭದ್ದಲ್ಲವೆಂದು ನನಗೆ ತೋರಿದುದು ಕಲ್ಯದಲ್ಲಲ್ಲ. ಕತಾರ್ ದೇಶದ ರಾಜಧಾನಿಯಾದ ದೋಹಾದಲ್ಲಿ.

ಹಿಂದೆ ವಿಲಾಯತಿಗೆ ಹೋಗುವವರು ಹಡಗಿನಲ್ಲಿ ವಾರಗಟ್ಟಲೆ ತೇಲಿ, ನಡುವೆ ಏಡನ್ನಿನಲ್ಲೋ ಪೋರ್ಟ್ ಸೈಯದ್‌ನಲ್ಲೋ ಅರ್ಧ ದಿನ ನೆಲ ಮೆಟ್ಟುತ್ತಿದ್ದರು. ಈಗ ಬೆಂಗಳೂರಿನಿಂದ ಪಶ್ಚಿಮಕ್ಕೆ ಹೋಗಿಬರುವವರಲ್ಲಿ ಅನೇಕರಿಗೆ ಆ ಅರ್ಧ ದಿನ ಕೊಲ್ಲಿಯ ಊರುಗಳಲ್ಲಿ ಸಿಗುತ್ತದೆ. ಟಿಕೇಟು ಅಗ್ಗವಾದಷ್ಟೂ ಕಾಯುವ ಹೊತ್ತು ಹೆಚ್ಚು. ಇದು ವಿಮಾನ ಪ್ರಯಾಣದ ಮೊದಲ ಸೂತ್ರ. ನನ್ನ ಪಾಲಿಗೆ ಬಂದುದು ಒಂಬತ್ತು ಗಂಟೆ. ದೋಹಾದ ನಿಲ್ದಾಣದ ನಡುವೆ ಹಳದಿ ಬಣ್ಣದ ಭಾರಿ ಕರಡಿಗೊಂಬೆಯೊಂದು ತಲೆಗೆ ದೀಪ ಚುಚ್ಚಿಕೊಂಡು ಕುಳಿತಿದೆ. ಅದನ್ನು ಎಷ್ಟು ಹೊತ್ತು ನೋಡಲಾದೀತು? ಕೈಚೀಲ ಹೆಗಲಿಗೇರಿಸಿ, ಮೆಟ್ರೋ ರೈಲು ಹತ್ತಿ ಪಟ್ಟಣದೊಳಕ್ಕೆ ಹೋದೆ.

ಕಂಡುದನ್ನು ಹೇಳಿಬಿಡುತ್ತೇನೆ. ಕಡಲಂಚಿನ ಉದ್ದನೆಯ ದಾರಿ, ನೀರಿನ ಮೇಲೆ ಹಳೆಯ ಮಾದರಿಯ ಮರದ ದೋಣಿಗಳು, ಆಚೆ ದಡದಲ್ಲಿ ಗಾಜಿನ ಗೋಪುರಗಳು. ನೀರಿನಲ್ಲಿ ನೆಲ ಕಟ್ಟಿ ಅದರ ಮೇಲೆ ನಿಲ್ಲಿಸಿದ ಇಸ್ಲಾಮೀ ಕಲೆಯ ವಸ್ತುಸಂಗ್ರಹಾಲಯ. ಚೀನದಲ್ಲಿ ಹುಟ್ಟಿ ಅಮೆರಿಕದವನಾದ ಐ. ಎಂ. ಪೈ, ತನ್ನ ತೊಂಬತ್ತರ ಅಂಚಿನಲ್ಲಿ ಅದನ್ನು ಕಟ್ಟಿದ, ತೆರೆದುದು 2008ರಲ್ಲಿ. ಮಾದರಿ ಹುಡುಕುತ್ತ ದೇಶ ದೇಶ ತಿರುಗಿ ಕೊನೆಗೆ ಕೈರೋದ ಇಬ್ನ್ ತುಲೂನ್ ಮಸೀದಿಯ ಅಂಗಳದ ನೀರಿನ ಕಟ್ಟಡದಲ್ಲಿ ಅವನಿಗೆ ಅದು ಸಿಕ್ಕಿತಂತೆ. ಒಂದರ ಮೇಲೊಂದು ಓರೆಯಾಗಿ ಕುಳಿತ ಬಿಳಿಯ ಚೌಕಗಳ ಮೇಲೆ ಬಿಸಿಲು ಬಿದ್ದಾಗ, ಕಟ್ಟಡವನ್ನು ಕಲ್ಲಿಗಿಂತ ನೆರಳಿನಿಂದಲೇ ಕಟ್ಟಿದ್ದಾರೇನೋ ಎನಿಸುತ್ತದೆ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಸೂಕ್ ವಾಕಿಫ್ ಎಂಬ ಹಳೆಯ ಸಂತೆ. ಡೇಗೆ ಹಕ್ಕಿಗಳನ್ನು ಮಾರುವ ಅಂಗಡಿಗಳಿವೆ. ಆ ಹಕ್ಕಿಗಳಿಗೆ ಪ್ರತ್ಯೇಕ ಆಸ್ಪತ್ರೆಯೂ ಉಂಟು. ಸಂತೆ ಹಳೆಯದು ನಿಜ. ಗೋಡೆಗಳಲ್ಲಿ ಹೆಚ್ಚಿನವು ಈ ಶತಮಾನದವು. ಶಿಥಿಲವಾದುದನ್ನು ಹಳೆಯದರಂತೆಯೇ ಕಾಣುವ ಹಾಗೆ ಹೊಸದಾಗಿ ಕಟ್ಟಿದ್ದಾರೆ. ಇದು ಮೋಸವೆಂದು ಕೆಲವರು ಮೂಗು ಮುರಿಯುತ್ತಾರೆ. ನಮ್ಮ ಗುಡಿಗಳ ಜೀರ್ಣೋದ್ಧಾರ ನೋಡಿದವನು ಆ ಮಾತನ್ನು ಸ್ವಲ್ಪ ತಡೆದು ಆಡಬೇಕು.

ಸಂತೆಯ ಅಂಚಿನಲ್ಲೊಂದು ಚಹದ ಅಂಗಡಿ. ಅಲ್ಲಿಯ ಚಹಕ್ಕೆ ‘ಕರಕ್’ ಎಂದು ಹೆಸರು. ನಮ್ಮ ‘ಕಡಕ್’ ಸಮುದ್ರ ದಾಟಿ ಹಾಗಾಗಿದೆ. ಫೋನಿನಲ್ಲಿ ನಾನು ಮನೆಯವರೊಡನೆ ಆಡುತ್ತಿದ್ದ ಕನ್ನಡ ಕೇಳಿ ಪಕ್ಕದವರು ತಿರುಗಿದರು. ಕುಂದಾಪುರದ ಕಡೆಯವರು, ಕಟ್ಟಡಗಳ ತಂಪುಯಂತ್ರಗಳನ್ನು ರಿಪೇರಿ ಮಾಡುವ ಕೆಲಸ, ಬಂದು ಹದಿನಾಲ್ಕು ವರ್ಷ. ಮ್ಯೂಸಿಯಮ್ಮಿನ ಸೊಬಗನ್ನು ನಾನು ಸ್ವಲ್ಪ ಉತ್ಸಾಹದಿಂದಲೇ ವರ್ಣಿಸಿದೆನೆಂದು ತೋರುತ್ತದೆ. “ಹೌದಾ ಸರ್? ನಾನು ಒಳಗೆ ಹೋದದ್ದಿಲ್ಲ. ಹೊರಗಿನಿಂದ ಚಂದ ಉಂಟು,” ಎಂದರು.

ಒಂಬತ್ತು ಗಂಟೆಯವನು ಒಳಗೆ ಹೋಗಿ ಬಂದಿದ್ದಾನೆ. ಹದಿನಾಲ್ಕು ವರ್ಷದವರು ಹೊರಗಿದ್ದಾರೆ.

ಮಾತು ಊರಿನ ಮಳೆಯಿಂದ ಹೊರಟು ಅವರ ತಂದೆಯ ಸಾವಿಗೆ ಬಂತು. ಕತಾರಿನಲ್ಲಿ ಕೆಲಸಕ್ಕಿದ್ದ ಪರದೇಶಿ, ದೇಶ ಬಿಟ್ಟು ಹೊರಡಲು ಯಜಮಾನನ ಒಪ್ಪಿಗೆ ಪಡೆಯಬೇಕೆಂಬ ಕಾನೂನಿತ್ತು. ಹೆಚ್ಚಿನ ಕೆಲಸಗಾರರ ಮಟ್ಟಿಗೆ ಅದು 2018ರಲ್ಲಿ ಹೋಯಿತು; ಮನೆಗೆಲಸದವರಿಗೆ 2020ರಲ್ಲಿ. ಯಜಮಾನ ಒಪ್ಪದೆ ಕೆಲಸ ಬದಲಿಸಕೂಡದೆಂಬ ಕಟ್ಟೂ 2020ರಲ್ಲೇ ಸಡಿಲಿತು. ಇವರ ತಂದೆ ತೀರಿಕೊಂಡದ್ದು ಅದಕ್ಕಿಂತ ಮುಂಚೆ. “ಯಜಮಾನ ಊರಲ್ಲಿರಲಿಲ್ಲ. ಕಾಗದಕ್ಕೆ ಸಹಿ ಬೀಳುವಾಗ ಐದು ದಿನ ಆಯ್ತು. ಬೊಜ್ಜಕ್ಕೆ ಮುಟ್ಟಿದೆ, ಮುಖ ಕಾಣ್ಲಿಕ್ಕೆ ಸಿಕ್ಕಲಿಲ್ಲ ಮಾರಾಯ್ರೆ.” ನಾನು ಏನೋ ಖೇದದ ಮಾತಾಡಿದೆ, ಊರಿನ ಮೇಲೆ ಸಿಟ್ಟಿನ ಮಾತೂ ಸೇರಿತ್ತು. ಅವರು ಅದನ್ನು ಒಪ್ಪಲಿಲ್ಲ. ಮನೆ ಕಟ್ಟಿಸಿದ್ದು ಈ ಊರಿನ ದುಡ್ಡಿನಿಂದ. ಹೆಣ್ಣುಮಕ್ಕಳಿಬ್ಬರು ಕಾಲೇಜು ಮೆಟ್ಟಿಲು ಹತ್ತಿದ್ದು ಇದರಿಂದ. “ಈ ಊರನ್ನು ಬೈಲಿಕ್ಕೆ ನನಗೆ ಬಾಯಿ ಬರುವುದಿಲ್ಲ, ಹೊಗಳ್ಲಿಕ್ಕೂ ಬರುವುದಿಲ್ಲ,” ಎಂದು ಚಹ ಮುಗಿಸಿದರು.

ಆ ಬೆಂಚಿನ ಮೇಲೆ ಕೂರದೆ ಮುಂದೆ ಹೋಗಿದ್ದರೆ ದೋಹಾ ಸೊಗಸಾದ ಊರೆಂದು ಬರೆಯುತ್ತಿದ್ದೆ. ಕೂತು ಅವರ ಅರ್ಧ ಮಾತಿಗೇ ಎದ್ದಿದ್ದರೆ ಕ್ರೂರವಾದ ಊರೆಂದು ಬರೆಯುತ್ತಿದ್ದೆ. ಎರಡೂ ತೀರ್ಪಿಗೆ ನನ್ನ ಜೇಬಿನಲ್ಲಿದ್ದ ವಿಮಾನದ ಚೀಟಿಯೇ ಧೈರ್ಯ. ತೀರ್ಪು ತಪ್ಪಾದರೆ ನಷ್ಟ ನನಗಲ್ಲವಷ್ಟೆ. ಆ ದೇಶದ ನಿವಾಸಿಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಹೊರಗಿನವರು. ಒಂದು ಲೆಕ್ಕದಲ್ಲಿ ಎಲ್ಲರೂ ಅಲ್ಲಿ ವಿಮಾನಕ್ಕೆ ಕಾಯುತ್ತಿರುವವರೇ. ಕಾಯುವಿಕೆಯ ಬೆಲೆ ಮಾತ್ರ ಒಬ್ಬೊಬ್ಬರಿಗೆ ಒಂದೊಂದು.

ಹಾಗೆಂದು ದಾರಿಹೋಕನ ಕಣ್ಣನ್ನು ಹೀಗಳೆಯುವುದೂ ಸಲ್ಲದು. ವಿಜಯನಗರ ಹೇಗಿತ್ತೆಂದು ಇಂದು ನಾವು ಎದೆಯುಬ್ಬಿಸಿ ಹೇಳುವುದರಲ್ಲಿ ಬಹುಭಾಗ ಯಾರಿಂದ ಬಂದುದು? 1443ರಲ್ಲಿ ಹೆರಾತಿನಿಂದ ಬಂದ ರಾಯಭಾರಿ ಅಬ್ದುರ್ ರಜಾಕ್‌ನಿಂದ. ಕೃಷ್ಣದೇವರಾಯನ ಕಾಲದಲ್ಲಿ ಬಂದು, ಊರು ರೋಮಿನಷ್ಟು ದೊಡ್ಡದೆಂದು ಬೆರಗಾದ ಪೋರ್ಚುಗೀಸ್ ಪಾಯಸ್‌ನಿಂದ. ಬಜಾರಿನ ಅಗಲ, ಕಾಲುವೆಯ ನೀರು, ನವರಾತ್ರಿಯ ಮೆರವಣಿಗೆ ಇವರ ಕಣ್ಣಿಗೆ ಬಿದ್ದವು. ಅಲ್ಲೇ ಇದ್ದವರಿಗೆ ಅವು ದಿನನಿತ್ಯದ ಸಂಗತಿ. ನಿತ್ಯ ಕಂಡುದನ್ನು ಬರೆದಿಡುವವರು ವಿರಳ. ದಾರಿಹೋಕನಿಗೆ ಊರಿನ ಮುಖ ಕಾಣುತ್ತದೆ, ಚೆನ್ನಾಗಿಯೇ ಕಾಣುತ್ತದೆ. ಆ ಮುಖದ ಹಿಂದೆ ಯಾರು ಯಾರ ಮೇಲೆ ದೂರು ಹೇಳುತ್ತಿದ್ದಾರೆಂಬುದು ಕಾಣಬೇಕಾದರೆ ಬೇರೆ ಸಾಕ್ಷಿ ಬೇಕು.

ಆ ಬೇರೆ ಸಾಕ್ಷಿ ಕಲ್ಯದಲ್ಲಿದೆ. ರೈಸ್ ಸಾಹೇಬರ ಶಾಸನ ಸಂಪುಟಗಳಲ್ಲಿ ಮಾಗಡಿ 18 ಎಂದು ಅದರ ಅಂಕೆ, ಕಾಲ 1368. ಇನ್ನೊಂದು ಪ್ರತಿ ಶ್ರವಣಬೆಳಗೊಳದಲ್ಲಿ ಇದೆ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯವಾಯಿತು. ಆನೆಗೊಂದಿ, ಪೆನುಗೊಂಡೆ, ಕಲ್ಲೇಹ ಮೊದಲಾದ ಊರುಗಳ ಜೈನರು ತಮಗೆ ಅನ್ಯಾಯವಾಗುತ್ತಿದೆಯೆಂದು ಬುಕ್ಕರಾಯನಲ್ಲಿ ದೂರಿಕೊಂಡರು. ಕಲ್ಲೇಹವೆಂದರೆ ನಮ್ಮ ಕಲ್ಯವೇ. ಜೈನರು ಆಗ ಸೊರಗುತ್ತಿದ್ದವರು; ಎದುರಿನವರು ಬಲವಂತರು. ರಾಜ ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿಟ್ಟ. ಜೈನರಿಗೆ ಪಂಚಮಹಾವಾದ್ಯವೂ ಕಲಶವೂ ಹಿಂದಿನಂತೆಯೇ ಸಲ್ಲಬೇಕೆಂದ. ಅದಕ್ಕಿಂತ ದೊಡ್ಡದು ಮುಂದಿನ ಕಟ್ಟಳೆ: ಜೈನರಿಗೆ ಭಕ್ತರ ದೆಸೆಯಿಂದ ಹಾನಿಯಾಗಲಿ ವೃದ್ಧಿಯಾಗಲಿ, ಅದನ್ನು ವೈಷ್ಣವರು ತಮ್ಮ ಹಾನಿವೃದ್ಧಿಯೆಂದೇ ಎಣಿಸತಕ್ಕದ್ದು. ಬಾಯಿಮಾತಾಗಿ ಉಳಿಯದಂತೆ ಲೆಕ್ಕವೂ ಇದೆ. ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣ. ತಿರುಮಲೆಯ ತಾತಯ್ಯ ಅದನ್ನು ಎತ್ತಿ, ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳುಗಳನ್ನಿಡಬೇಕು. ಮಿಕ್ಕದ್ದರಲ್ಲಿ ಹಾಳುಬಿದ್ದ ಬಸದಿಗಳಿಗೆ ಸುಣ್ಣ ಬಳಿಸಬೇಕು. ಹಣ ಜೈನರದು, ಕಾಯುವ ಹೊಣೆ ವೈಷ್ಣವನದು.

ಈ ಕಲ್ಲನ್ನು ಓದಿದ ಮೇಲೆ ‘ಊರನ್ನು ಬಲ್ಲವನಾರು’ ಎಂಬ ಪ್ರಶ್ನೆಯನ್ನು ಗಂಟೆ ವರ್ಷಗಳಿಂದ ಅಳೆಯುವುದು ನನಗೆ ಸರಿಯೆನಿಸುವುದಿಲ್ಲ. ಯಾರ ಹಾನಿಯನ್ನು ನನ್ನದೆಂದು ಎಣಿಸಲು ನಾನು ಸಿದ್ಧ ಎಂದು ಕೇಳಿಕೊಳ್ಳಬೇಕು. ನೂರು ವರ್ಷ ಅಲ್ಲೇ ಇದ್ದು, ಪಕ್ಕದ ಬೀದಿಯವನ ಹಾನಿ ತನಗೆ ಸಂಬಂಧಿಸಿದ್ದಲ್ಲ ಎನ್ನುವವನೂ ಆ ಊರಿನಲ್ಲಿ ವಿಮಾನಕ್ಕೆ ಕಾಯುತ್ತಿರುವವನೇ. ಮನೆ ಕೆಲಸದವಳ ಊರು ಯಾವುದೆಂದು ತಿಳಿಯದೆ ಇಪ್ಪತ್ತು ವರ್ಷ ಕಳೆದ ಮನೆಗಳು ನಮ್ಮ ಬೆಂಗಳೂರಿನಲ್ಲಿ ಎಷ್ಟಿಲ್ಲ! ದೋಹಾದ ಹಳೆಯ ಕಾನೂನಿಗೆ ನಾವು ಹುಬ್ಬೇರಿಸುವುದು ಸರಿಯೇ. ಅವಳು ಹಬ್ಬಕ್ಕೆ ರಜೆ ಕೇಳಿದಾಗ ಏರುವ ಹುಬ್ಬನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹೊರಗಿನಿಂದ ಬಂದವನು ಊರಿನವನೇ ಆಗಿಬಿಡುವುದೂ ಉಂಟು. ತೆಲುಗಿನಲ್ಲಿ ಬಸವಪುರಾಣ ಬರೆದ ಪಾಲ್ಕುರಿಕೆ ಸೋಮನಾಥ ಲಿಂಗೈಕ್ಯನಾದುದು ಕಲ್ಯದಲ್ಲೆಂದು ನಂಬಿಕೆ. ಅವನ ಕಾವ್ಯವನ್ನು ಭೀಮಕವಿ ಕನ್ನಡಕ್ಕೆ ತಂದುದು 1369ರಲ್ಲಿ, ಬುಕ್ಕನ ತೀರ್ಪಾದ ಮರುವರ್ಷ.

ಬೆಳಗೊಳದ ಪ್ರತಿಯ ಕೊನೆಯಲ್ಲಿ ಕಲ್ಲೇಹದವನೊಬ್ಬನ ಹೆಸರಿದೆ: ಹರ್ವಿ ಸೆಟ್ಟಿಯ ಮಗ ಬುಸುವಿ ಸೆಟ್ಟಿ. ಬುಕ್ಕರಾಯನಲ್ಲಿ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಕರೆತಂದು ಜೀರ್ಣೋದ್ಧಾರ ಮಾಡಿಸಿದವನು ಅವನು. ರಾಜಧಾನಿಯ ಬೀದಿಗಳು ಎಷ್ಟು ಅಗಲ, ಅರಮನೆ ಹೇಗಿತ್ತು ಎಂಬುದರ ಬಗ್ಗೆ ಅವನ ಕಡೆಯಿಂದ ಒಂದಕ್ಷರವೂ ಉಳಿದಿಲ್ಲ. ಎರಡು ಸಮಯದವರೂ ಕೂಡಿ ಅವನಿಗೆ ಸಂಘನಾಯಕ ಪಟ್ಟ ಕಟ್ಟಿದರೆಂದು ಮಾತ್ರ ಕಲ್ಲಿನಲ್ಲಿದೆ.